ಓಆರ್‌ಎಸ್ ಪೊಟ್ಟಣ: ಒಳಗಿನ ಪುಡಿಗೆ ಪೂರ್ತಿ ಅಂಕ, ಹೊರಗಿನ ಬರಹಕ್ಕೆ ಅರ್ಧ

ಮೆಡಿಕಲ್ ಶಾಪಿನಲ್ಲಿ ಇಪ್ಪತ್ತು, ಇಪ್ಪತ್ತೈದು ರೂಪಾಯಿ ಆಸುಪಾಸಿಗೆ ಸಿಗುವ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಉಚಿತವಾಗಿ ಮನೆಗೆ ಬರುವ, ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯನ್ನು ಇಲ್ಲಿ ಔಷಧವಾಗಿಯೂ ಪಾಠದ ಸಾಮಗ್ರಿಯಾಗಿಯೂ ಪರೀಕ್ಷಿಸಿದ್ದೇವೆ. ವಯಸ್ಕರ ಅಕ್ಷರ ಕೇಂದ್ರದಲ್ಲೋ ಸ್ವಸಹಾಯ ಸಂಘದ ವಾರದ ಸಭೆಯಲ್ಲೋ ಆರೋಗ್ಯದ ಪಾಠಕ್ಕೆ ಒಂದೇ ಒಂದು ವಸ್ತು ಆರಿಸಬೇಕಾದರೆ ನಾವು ಆರಿಸುವುದು ಇದನ್ನೇ. 2022–27ರ ಅವಧಿಯ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ಉಲ್ಲಾಸ್, ಓದು ಬರಹ ಲೆಕ್ಕದ ಜೊತೆಗೆ ಆರೋಗ್ಯದ ಅರಿವನ್ನೂ ಜೀವನ ಕೌಶಲವೆಂದು ಸೇರಿಸಿಕೊಂಡಿದೆ. ಹೀಗಾಗಿ ಪಾಠಕ್ಕೆ ಜಾಗ ಆಗಲೇ ಇದೆ.

ಮೊದಲು ಪುಡಿ. ಒಂದು ಲೀಟರಿನ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ, ರುಚಿ, ಬಣ್ಣ ಸೇರಿಸಿದ ಪೊಟ್ಟಣದ ತೂಕ 21 ಗ್ರಾಂ ದಾಟುವುದುಂಟು. ಭೇದಿಯಾದಾಗಲೂ ಕರುಳಿನ ಗೋಡೆ ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರು ಹೋಗುತ್ತದೆ. ತೂಕ ಬೇರೆಯಾದರೂ ಕಣಗಳ ಎಣಿಕೆಯಲ್ಲಿ ಈ ಪುಡಿಯ ದ್ರಾವಣದಲ್ಲಿ ಅವೆರಡೂ ಸರಿಸಮ: ಲೀಟರಿಗೆ ತಲಾ 75 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ). ಎಲ್ಲ ಅಂಶಗಳೂ ಸೇರಿ ಹಳೆಯ ಸೂತ್ರದ ಒಟ್ಟು ಸಾಂದ್ರತೆ ಇದೇ ಅಳತೆಯಲ್ಲಿ 311 ಇತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು 245ಕ್ಕೆ ಇಳಿಸಿದವು. ಪುಡಿಯಲ್ಲಿ ತಪ್ಪು ಹುಡುಕಲು ನಮಗೇನೂ ಸಿಕ್ಕಿಲ್ಲ.

ತೊಂದರೆ ಇರುವುದು ಹೊರಗಿನ ಬರಹದಲ್ಲಿ. ಬಳಸುವ ವಿಧಾನ ಎಷ್ಟೋ ಪೊಟ್ಟಣಗಳಲ್ಲಿ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುತ್ತದೆ, ಅದೂ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ರಾತ್ರಿ ಎರಡು ಗಂಟೆಗೆ, ಮಗು ಸುಸ್ತಾಗಿ ಮಲಗಿರುವಾಗ ಅದನ್ನು ಓದಬೇಕಾದ ತಾಯಿಗೆ ಅದು ನಿಲುಕುವುದಿಲ್ಲ. ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ಒಂದು ಲೀಟರಿನ ದೊಡ್ಡ ಪೊಟ್ಟಣವೂ, 200 ಮಿಲಿಲೀಟರಿಗೆ ಕಲಸುವ ನಾಲ್ಕು ಗ್ರಾಂ ಚಿಲ್ಲರೆಯ ಸಣ್ಣ ಪೊಟ್ಟಣವೂ ಒಂದೇ ಬಣ್ಣ, ಒಂದೇ ವಿನ್ಯಾಸದಲ್ಲಿ ಬರುವುದುಂಟು. ದೊಡ್ಡದನ್ನು ಲೋಟಕ್ಕೆ ಸುರಿದರೆ ದ್ರಾವಣ ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ. ಆಗ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ, ರಕ್ತದಲ್ಲಿ ಉಪ್ಪೂ ಏರುತ್ತದೆ. ಸಣ್ಣದನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದ ಹಾಗೆ.

ಆದ್ದರಿಂದ ಮೊದಲ ಪಾಠ ಅಕ್ಷರದ್ದಲ್ಲ, ಅಳತೆಯದು. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಎಲ್ಲ ಊರಲ್ಲೂ ಸಿಗುತ್ತದೆ. ಅದನ್ನು ತೊಳೆದು, ತುಂಬಿ, ಮನೆಯದೇ ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಉಗುರುಬಣ್ಣದಿಂದ ಗೆರೆ ಎಳೆಸಬೇಕು. ‘ಐದು ಲೋಟ ನೀರು’ ಎಂದು ಹೇಳಿಕೊಡುವುದು ಬೇಡ. ಒಬ್ಬರ ಮನೆಯ ಲೋಟ 150 ಮಿಲಿಲೀಟರ್, ಇನ್ನೊಬ್ಬರದು 300. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣವನ್ನು ಒಂದೇ ಸಲ ಹಾಕಿ ಕದಡಬೇಕು. ಉಳಿಸಿಕೊಂಡು ಆಗಾಗ ಒಂದೊಂದು ಚಮಚ ಕಲಸುವ ಅಭ್ಯಾಸ ಬಹಳ ಕಡೆ ಇದೆ. ಇದು ತಪ್ಪು, ಏಕೆಂದರೆ ಚಮಚದಲ್ಲಿ ಬರುವ ಪುಡಿಗೆ ಲೆಕ್ಕವಿಲ್ಲ, ತೆರೆದ ಪೊಟ್ಟಣ ತೇವ ಎಳೆದು ಗಂಟು ಕಟ್ಟುತ್ತದೆ. ಮೇಲೆ ಸಕ್ಕರೆ, ಹಾಲು, ಹಣ್ಣಿನ ರಸ ಏನೂ ಬೇಡ. ಕಲಸಿದ ಮೇಲೆ ಕುದಿಸುವುದೂ ಬೇಡ, ನೀರು ಆವಿಯಾಗಿ ಅಳತೆ ಕೆಡುತ್ತದೆ. ಮುಚ್ಚಿಟ್ಟು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಬೇಕು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ನಿಧಾನವಾಗಿ. ಎದೆಹಾಲು, ಊಟ ನಿಲ್ಲಿಸಬಾರದು. ಜೊತೆಗೆ 14 ದಿನ ಸತುವಿನ, ಅಂದರೆ ಜಿಂಕ್, ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನ ಕೂಸಿಗೆ 10. ಭೇದಿ ನಿಂತ ಕೂಡಲೇ ಮಾತ್ರೆ ಬಿಡುವವರೇ ಹೆಚ್ಚು. ಹದಿನಾಲ್ಕು ಮನೆ ಬರೆದು ದಿನಕ್ಕೊಂದು ಗೀಟು ಹಾಕಿಸುವ ಕಾಗದವನ್ನು ತರಗತಿಯಲ್ಲೇ ಮಾಡಿಸಬಹುದು, ಅದೇ ಅಂಕಿ ಬರೆಯುವ ಅಭ್ಯಾಸವೂ ಆಯಿತು. ಮಗು ಕುಡಿಯಲಾರದಿದ್ದರೆ, ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದೆ ಸರಿದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ.

ಇಷ್ಟೆಲ್ಲ ಕಲಿತವರೂ ಅರ್ಧಕ್ಕೇ ಕೈಬಿಡುತ್ತಾರೆ. ‘ಕುಡಿಸಿದರೂ ಭೇದಿ ನಿಲ್ಲಲಿಲ್ಲ’ ಎಂಬುದೇ ಕಾರಣ. ಓಆರ್‌ಎಸ್ ಭೇದಿ ನಿಲ್ಲಿಸುವ ಮದ್ದಲ್ಲ, ಹೋದ ನೀರು ಉಪ್ಪನ್ನು ತುಂಬಿಕೊಡುವ ಮದ್ದು. ಈ ಒಂದು ಮಾತು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಇರಬೇಕಿತ್ತು.

ಇದನ್ನು ಕಲಿಸುವುದು ಹೇಗೆಂಬುದಕ್ಕೆ ನಮ್ಮ ಮುಂದಿರುವ ಅತಿ ದೊಡ್ಡ ಮಾದರಿ ಬಾಂಗ್ಲಾದೇಶದ್ದು. ಫಜ್ಲೆ ಹಸನ್ ಅಬೆದ್ ಕಟ್ಟಿದ ಬ್ರ್ಯಾಕ್ ಸಂಸ್ಥೆ ವಯಸ್ಕರ ಅಕ್ಷರ ತರಗತಿಗಳನ್ನು ನಡೆಸಿ, ಎಡವಿ, ತಿದ್ದಿಕೊಂಡ ಅನುಭವವುಳ್ಳದ್ದು. 1980ರಿಂದ 1990ರವರೆಗೆ ಅದರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 1 ಕೋಟಿ 20 ಲಕ್ಷ ಮನೆಗಳಿಗೆ ಪಾಠ ಮುಟ್ಟಿಸಿದರು. ಪೊಟ್ಟಣ ಸಿಗದ ಕಾಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಂದಿರು ಕಲಸಿದ್ದರಲ್ಲಿ ಉಪ್ಪು ಎಷ್ಟಿದೆ ಎಂದು ಪ್ರಯೋಗಾಲಯ ಅಳೆಯುತ್ತಿತ್ತು. ನೆನಪಿಡಬೇಕಾದ ಹತ್ತು ಅಂಶಗಳನ್ನು ಆಮೇಲೆ ಏಳಕ್ಕೆ ಇಳಿಸಿದರು. ನಮಗೆ ತುಂಬ ಮೆಚ್ಚಾದದ್ದು ಸಂಬಳದ ಲೆಕ್ಕ. ಬೇರೆಯವರು ಕೆಲವು ವಾರ ಬಿಟ್ಟು ಕೆಲವು ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ, ಎದುರಿಗೇ ಕಲಸಿಸಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ.

ಆದರೂ ಶುರುವಿನಲ್ಲಿ ಕಲಿತವರಲ್ಲಿ ಬಳಸಿದವರು ಕಡಿಮೆ. ಹುಡುಕಿದಾಗ ಗೊತ್ತಾಯಿತು, ಕಲಿಸುವವರಿಗೇ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ಮನೆಯ ಗಂಡಸರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರ ಸಭೆಗಳು ನಡೆದವು. ನಮ್ಮಲ್ಲೂ ಅತ್ತೆಯನ್ನು, ಗಂಡನನ್ನು ಹೊರಗಿಟ್ಟು ಸೊಸೆಗೆ ಮಾತ್ರ ಹೇಳಿದ ಪಾಠ ಒಲೆಯ ಹತ್ತಿರ ಬರುವಷ್ಟರಲ್ಲಿ ಸೋಲುತ್ತದೆ. ಆದರೆ ಚಿಟಿಕೆ, ಹಿಡಿಯ ಲೆಕ್ಕವನ್ನು ಈಗ ಎರವಲು ತರುವುದು ಬೇಡ. ಪೊಟ್ಟಣ ಸಿಗುವ ಕಡೆ ಪೊಟ್ಟಣವೇ ಸರಿ. ಸಿಗದ ರಾತ್ರಿಗೆ ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅದನ್ನು ಎರಡು ಸಲ ಹೇಳಬೇಕು.

ಕೊಳ್ಳುವಾಗ ಒಂದು ಎಚ್ಚರ. ರಟ್ಟಿನ ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಸಿಹಿ ಪಾನೀಯಗಳು ಬಹುಕಾಲ ಹೆಸರಲ್ಲಿ ‘ಓಆರ್‌ಎಸ್’ ಸೇರಿಸಿಕೊಂಡೇ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಎಷ್ಟೋ ಪಟ್ಟು ಹೆಚ್ಚು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ವರ್ಷಗಟ್ಟಲೆ ಹೋರಾಟದ ನಂತರ, 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಹೆಸರಲ್ಲಿ ಆ ಪದ ಬಳಸಲು ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ, ಒಂದು ಲೀಟರಿನದಾದರೆ ಗ್ಲೂಕೋಸಿನ ಮುಂದೆ 13.5 ಎಂಬ ಅಂಕಿ ಇದೆಯೇ, ಅವಧಿ ಮುಗಿಯುವ ತಿಂಗಳು ವರ್ಷ ಯಾವುದು: ಹೊಸದಾಗಿ ಅಂಕಿ ಕಲಿತವರೂ ಈ ಮೂರನ್ನು ಗುರುತಿಸಬಲ್ಲರು.

ತರಗತಿಗೆ ತಲಾ ಒಂದು ದೊಡ್ಡ, ಒಂದು ಸಣ್ಣ ಪೊಟ್ಟಣ ಸಾಕು. ಅಳತೆ ಸರಿಯೇ ಎಂದು ನೋಡುವುದು ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಕೆಲಸ, ಮಾತನ್ನು ಸರಳಗೊಳಿಸಿ ಕಡಿಮೆ ಮಾಡುವುದು ಬೋಧಕರದು. ‘ಅರ್ಥವಾಯಿತೇನಮ್ಮಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಮಗುವಿಗೆ ಭೇದಿ ಶುರುವಾಗಿದೆ ಅಂದುಕೊಳ್ಳಿ, ಕಲಸಿ ತೋರಿಸಿ’ ಅನ್ನಬೇಕು. ತಿಂಗಳು ಬಿಟ್ಟು ಮನೆಗೆ ಹೋದಾಗ ಪಾತ್ರೆಯ ಗೆರೆ ಇನ್ನೂ ಇದೆಯೇ ಎಂದು ನೋಡಬೇಕು. ಬೂದಿ ಹಾಕಿ ತಿಕ್ಕಿ ಅಳಿಸಿಹೋಗಿದ್ದರೆ ಅಲ್ಲೇ ಮತ್ತೆ ಎಳೆಸಬೇಕು.