ಊರ ಶಾಲೆಗೆ ಯಾವುದು: ಗೌರವ ಶಿಕ್ಷಕಿ, ಸ್ಮಾರ್ಟ್ ಟಿವಿ, ಇಲ್ಲಾ ವ್ಯಾನು?

ಮುಂಬೈಯಲ್ಲಿದ್ದುಕೊಂಡು ಊರಿನ ಸರ್ಕಾರಿ ಶಾಲೆಗೆ ನೆರವಾಗಬೇಕೆನ್ನುವ ಹಳೆ ವಿದ್ಯಾರ್ಥಿಗಳು ಮೊದಲು ಮುಖ್ಯೋಪಾಧ್ಯಾಯರಿಂದ ಎರಡು ಲೆಕ್ಕ ಕೇಳಿ: ತರಗತಿವಾರು ಮಕ್ಕಳೆಷ್ಟು, ಕಾಯಂ ಶಿಕ್ಷಕರೆಷ್ಟು.

ಖರ್ಚಿನಲ್ಲಿ ಟಿವಿ ಹಗುರ, ಒಂದೇ ಸಲದ್ದು. ಆದರೆ ಕರಾವಳಿಯ ಸಿಡಿಲಿಗೆ ಅದರ ಬೋರ್ಡು ಬೇಗ ಸುಡುತ್ತದೆ. ಅರ್ಥಿಂಗ್ ಮಾಡಿಸಿ, ಗುಡುಗು ಬರುವ ಮುಂಚೆಯೇ ಪ್ಲಗ್, ಕೇಬಲ್ ಎರಡನ್ನೂ ಕಳಚಬೇಕು. ವ್ಯಾನಿಗೆ ಡೀಸೆಲ್, ಚಾಲಕ, ವಿಮೆ, ಎಫ್‌ಸಿ (ವಾಹನದ ಅರ್ಹತಾ ಪತ್ರ) ಎಂದು ಖರ್ಚು ನಿಲ್ಲುವುದೇ ಇಲ್ಲ.

ಕಲಿಕೆಗೆ ಬಂದರೆ ಗೌರವ ಶಿಕ್ಷಕಿಯ, ಅಂದರೆ ನೀವು ಕೂಡಿಸಿದ ಹಣದಿಂದ ಸಂಬಳ ಪಡೆಯುವ ಶಿಕ್ಷಕಿಯ ತೂಕವೇ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದೂ ತರಗತಿ ಒಂದೇ ಕೋಣೆಯಲ್ಲಿ! ಅಲ್ಲಿ ಟಿವಿ ಹಾಕಿದರೆ ಮಕ್ಕಳು ಸುಮ್ಮನೆ ಕೂರುತ್ತಾರೆ, ಓದಲು ಕಲಿಯುವುದಿಲ್ಲ. ಸಂಬಳ ನಡುವೆ ನಿಂತರೆ ಶಿಕ್ಷಕಿ ಬಿಟ್ಟು ಹೋಗುತ್ತಾರೆ. ಇಡೀ ವರ್ಷದ ಹಣ ಕೂಡಿದ ಮೇಲೆಯೇ ನೇಮಿಸಿ, ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮಾಡಿಸಿ.

ಶಿಕ್ಷಕರು ಸಾಕಷ್ಟಿದ್ದು, ಕರೆಂಟೂ ಸರಿಯಿದ್ದರೆ ಟಿವಿ ಕೊಡಬಹುದು. ದೂರದ ಕಾರಣಕ್ಕೆ ಮಕ್ಕಳು ಖಾಸಗಿ ಶಾಲೆಯ ಬಸ್ಸು ಹತ್ತುತ್ತಿದ್ದರೆ ವ್ಯಾನೇ ಬೇಕು. ಆದರೂ ಕೊಳ್ಳಬೇಡಿ, ಮೊದಲ ವರ್ಷ ಊರಿನದೇ ಪರ್ಮಿಟ್ ಇರುವ ಗಾಡಿಯನ್ನು ತಿಂಗಳ ಬಾಡಿಗೆಗೆ ಗೊತ್ತುಮಾಡಿ.