ಆರು ವರ್ಷ ಬಳಸಿದ ಎರಡು ಹಾರ್ಡ್ ಡಿಸ್ಕ್: ಒಂದು ಇನ್ನೂ ತಿರುಗುತ್ತಿದೆ

2019ರಲ್ಲಿ ಒಂದೇ ಕಂಪನಿಯ ಎರಡು ಹಾರ್ಡ್ ಡಿಸ್ಕ್ ಕೊಂಡೆ. ಒಂದು 4 ಟಿಬಿಯದು, ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಕೂರುವ ಮೂರೂವರೆ ಇಂಚಿನ ಜಾತಿ. ಇನ್ನೊಂದು 2 ಟಿಬಿಯದು, ಅಂಗಿಯ ಜೇಬಿಗೆ ಹಿಡಿಸುವ ಪೋರ್ಟಬಲ್. ಅಪ್ಪ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟಿದ್ದ ತಾಳಮದ್ದಳೆಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಆಗ ಶುರುವಾಗಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಎರಡು ತಪ್ಪುಗಳಲ್ಲಿ ಒಂದು ಅವರದು, ಒಂದು ನನ್ನದು.

ಮೊದಲು ಅವರದು. ಐದು ತಿಂಗಳಾದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ 4 ಟಿಬಿಯ ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ನೋಡಿದೆ. 193ನೇ ಸಾಲು, ಅಂದರೆ ದತ್ತಾಂಶ ಓದಿ ಬರೆಯುವ ಹೆಡ್, ದತ್ತಾಂಶವಿರುವ ತಿರುಗುವ ತಟ್ಟೆಯಿಂದ ಇಳಿದು ಪಕ್ಕದ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಎಷ್ಟು ಸಲ ಕೂತಿತು ಎಂಬ ಲೆಕ್ಕ, ಆಗಲೇ 48,000 ದಾಟಿತ್ತು. ವಿವರಪಟ್ಟಿಯಲ್ಲಿ ಕಂಪನಿಯೇ ಕೊಟ್ಟಿದ್ದ ಮಿತಿ 3 ಲಕ್ಷ. ಕರೆಂಟು ಉಳಿಸಲೆಂದು ಕೆಲವೇ ಸೆಕೆಂಡು ಕೆಲಸವಿಲ್ಲದಿದ್ದರೂ ಹೆಡ್ ಅನ್ನು ಮಲಗಿಸುವಂತೆ ಅವರು ಹೊಂದಿಸಿದ್ದರು. ಹಾಗೇ ಬಿಟ್ಟಿದ್ದರೆ ಎರಡೂವರೆ ವರ್ಷಕ್ಕೆ ಲೆಕ್ಕ ಮುಗಿಯುತ್ತಿತ್ತು. ಆ ಕಾಲಾವಧಿಯನ್ನು ತಂತ್ರಾಂಶದಲ್ಲಿ ಹೆಚ್ಚಿಸಿದೆ. ಈಗ ಆರು ವರ್ಷಕ್ಕೆ 71,000 ಆಗಿದೆ. ಹೆಡ್ ಸವೆಯದಿರಲೆಂದೇ ಇಳಿಜಾರನ್ನು ಕಂಡುಹಿಡಿದವರು, ಒಂದೆರಡು ವಾಟ್ ಉಳಿಸಲು ಅದರ ಮೇಲೇ ಹೆಡ್ ಅನ್ನು ದಿನವಿಡೀ ಹತ್ತಿಸಿ ಇಳಿಸುವುದೇ?

ಇಳಿಜಾರು ಮಾತ್ರ ನಿಜಕ್ಕೂ ಒಳ್ಳೆಯ ಉಪಾಯ. ಹಳೆಯ ಡ್ರೈವ್‌ಗಳಲ್ಲಿ ಕಂಪ್ಯೂಟರ್ ಆರಿಸಿದಾಗ ಹೆಡ್ ತಟ್ಟೆಯ ಮೇಲೆಯೇ ಇಳಿಯುತ್ತಿತ್ತು. ನುಣುಪಾದ ತಟ್ಟೆಗೆ ಅಂಟಿಕೊಂಡು ಮತ್ತೆ ಏಳದೆ ಇರುವ ಕಾಯಿಲೆಯೂ ಇತ್ತು. ಈಗ ಅದಿಲ್ಲ. ಕರಾವಳಿಯ ಮಳೆಗಾಲ ಗೊತ್ತಲ್ಲ, ಗಾಳಿ ಬೀಸಿದರೆ ಸಾಕು, ಕರೆಂಟು ಹೋಗುತ್ತದೆ. ನನ್ನ ಯುಪಿಎಸ್ ಬ್ಯಾಟರಿ ಸತ್ತು ಒಂದಿಡೀ ಮಳೆಗಾಲ ಹಾಗೇ ಕಳೆಯಿತು, ಫೈಲ್ ಬರೆಯುತ್ತಿರುವಾಗಲೇ ಎಷ್ಟೋ ಸಲ ಕತ್ತಲಾಯಿತು. ಒಂದೆರಡು ಫೈಲ್ ಕೆಟ್ಟವು, ಡ್ರೈವ್ ಕೆಡಲಿಲ್ಲ. ಕರೆಂಟು ಹೋದರೂ ತಟ್ಟೆಗಳು ತಕ್ಷಣ ನಿಲ್ಲುವುದಿಲ್ಲ. ಆ ಓಟದಲ್ಲಿ ಮೋಟಾರೇ ಡೈನಮೋ ಆಗಿ ಚೂರು ವಿದ್ಯುತ್ ಹುಟ್ಟಿಸುತ್ತದೆ, ಅದೇ ವಿದ್ಯುತ್ತು ಹೆಡ್ ಅನ್ನು ಇಳಿಜಾರಿಗೆ ಎಳೆದು ಮಲಗಿಸುತ್ತದೆ. ಇದನ್ನು ಓದಿ ತಿಳಿದ ದಿನ ಕಂಪನಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ತೇವದ ಭಯವೂ ಇತ್ತು. ಡ್ರೈವ್ ಮೇಲೆ ಒಂದು ಸಣ್ಣ ತೂತು, ಪಕ್ಕದಲ್ಲಿ ‘ಮುಚ್ಚಬೇಡಿ’ ಎಂಬ ಬರಹ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮನಾಗಿರಲು ಆ ತೂತು, ದೂಳು ಹೋಗದಂತೆ ಅದರ ಹಿಂದೆ ಒಂದು ಫಿಲ್ಟರ್. ದೊಡ್ಡ ಸರ್ವರ್ ಡ್ರೈವ್‌ಗಳಲ್ಲಿ ಹೀಲಿಯಂ ತುಂಬಿ ಪೂರ್ತಿ ಮುಚ್ಚಿಬಿಡುತ್ತಾರೆ, 2013ರಿಂದ ಅಂಥವು ಮಾರುಕಟ್ಟೆಯಲ್ಲಿವೆ. ನನ್ನದು ಆರು ಮಳೆಗಾಲ ನಮ್ಮ ಊರಿನ ಗಾಳಿಯನ್ನೇ ಉಸಿರಾಡಿದೆ. ಕೆಟ್ಟ ಸೆಕ್ಟರ್, ಅಂದರೆ ತಟ್ಟೆಯಲ್ಲಿ ಓದಲು ಬರೆಯಲು ಬಾರದಾದ ಜಾಗ, ಇನ್ನೂ ಸೊನ್ನೆ.

ಇನ್ನು ನನ್ನ ತಪ್ಪು. 2022ರ ಒಂದು ರಾತ್ರಿ ಪೋರ್ಟಬಲ್‌ಗೆ ನಕಲು ಹಾಕಿ ನೀರು ಕುಡಿಯಲು ಎದ್ದೆ. ಕೇಬಲ್ ಕಾಲಿಗೆ ಸಿಕ್ಕಿತು. ಮೇಜಿನಿಂದ ಸಿಮೆಂಟು ನೆಲಕ್ಕೆ, ಎರಡೂವರೆ ಅಡಿ. ಇದರ ವಿವರಪಟ್ಟಿಯ ಪ್ರಕಾರ ನಿಂತಿರುವಾಗ 1000 ಜಿ (ಭೂಮಿಯ ಗುರುತ್ವದ ಸಾವಿರ ಪಟ್ಟು) ಆಘಾತ ತಾಳಬಲ್ಲದು, ಓಡುವಾಗ 400 ಜಿ ಮಾತ್ರ. ಗಟ್ಟಿ ನೆಲಕ್ಕೆ ಬಿದ್ದ ಪೆಟ್ಟು ಇದನ್ನು ಸುಲಭವಾಗಿ ಮೀರುತ್ತದೆ. ಮಿನಿಟಿಗೆ 5400 ಸುತ್ತು ತಿರುಗುವ ತಟ್ಟೆಗೂ ಹೆಡ್‌ಗೂ ಇರುವ ಅಂತರ ಕೆಲವೇ ನ್ಯಾನೋಮೀಟರ್. ಟಕ್, ಟಕ್, ಟಕ್ ಎಂಬ ಸದ್ದು ಶುರುವಾಯಿತು. ದಾರಿಯ ಗುರುತು ಸಿಗದ ಹೆಡ್ ತುದಿಯವರೆಗೆ ಹೋಗಿ ಬಡಿದು ವಾಪಸಾಗುವ ಸದ್ದು ಅದು. ಆಗಲೇ ಕಿತ್ತು ಇಡಬೇಕಿತ್ತು. ನಾನು ಐದು ಸಲ ಮತ್ತೆ ಚುಚ್ಚಿದೆ, ಒಂದು ಸಲ ಮೆಲ್ಲಗೆ ತಟ್ಟಿಯೂ ನೋಡಿದೆ.

ಬೆಂಗಳೂರಿನ ದತ್ತಾಂಶ ಮರಳಿ ತೆಗೆಯುವ ಅಂಗಡಿಯಲ್ಲಿ ದೂಳಿಲ್ಲದ ಕೋಣೆಯೊಳಗೆ ಬಿಚ್ಚಿ, ಅದೇ ಮಾದರಿಯ ಬೇರೆ ಡ್ರೈವ್‌ನ ಹೆಡ್ ಹಾಕಿ, ಅರ್ಧಕ್ಕಿಂತ ಕಡಿಮೆ ತೆಗೆದುಕೊಟ್ಟರು. ಉಳಿದದ್ದು ತಟ್ಟೆಯ ಮೇಲೆ ಉಂಗುರದಂಥ ಗೀರಾಗಿತ್ತು. ಡ್ರೈವ್‌ಗೆ ಕೊಟ್ಟ ಹಣದ ಐದು ಪಟ್ಟು ಬಿಲ್. ವಾರಂಟಿ ಮೂರು ವರ್ಷದ್ದೇ ಆದರೂ ಬಿದ್ದದ್ದಕ್ಕೆ ಅನ್ವಯಿಸುವುದಿಲ್ಲ. ಅನ್ವಯಿಸಿದ್ದರೂ ಕೊಡುತ್ತಿದ್ದದ್ದು ಖಾಲಿ ಡ್ರೈವ್.

ಬೀಳುವ ಹಿಂದಿನ ದಿನವೂ ತಂತ್ರಾಂಶ ನೀಲಿ ಬಣ್ಣದಲ್ಲಿ ‘ಗುಡ್’ ಎಂದಿತ್ತು. ಬೀಳುವುದನ್ನು ಅದು ಹೇಗೆ ಊಹಿಸೀತು? ಬೀಳದವುಗಳ ಕಥೆಯೂ ಬಹಳ ಬೇರೆಯಲ್ಲ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತ ಡ್ರೈವ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸ್ಮಾರ್ಟ್ ಸೂಚಕಗಳಲ್ಲಿ ಒಂದರಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ.

4 ಟಿಬಿಗೆ ಐದಕ್ಕೆ ನಾಲ್ಕು. ಪೋರ್ಟಬಲ್‌ಗೆ ಮೂರು, ಅದೂ ಯುಎಸ್‌ಬಿ ಸಾಕೆಟ್ಟನ್ನು ಒಳಗಿನ ಬೋರ್ಡಿಗೇ ಬೆಸೆದಿರುವುದರಿಂದ. ಅದು ಸಡಿಲವಾದರೆ ಡ್ರೈವ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಲು ದಾರಿಯಿಲ್ಲ. ಕಳೆದುಹೋದ ತಾಳಮದ್ದಳೆಗಳ ಕ್ಯಾಸೆಟ್‌ಗಳು ಅಟ್ಟದಲ್ಲಿ ಇನ್ನೂ ಇದ್ದವು, ಹೆಚ್ಚಿನವನ್ನು ಮತ್ತೆ ಇಳಿಸಿದೆ. ಬೂಸ್ಟು ಹಿಡಿದ ಹನ್ನೊಂದು ಮಾತ್ರ ಓಡಲಿಲ್ಲ. ಹೊಸ ಪೋರ್ಟಬಲ್ ಮೈಸೂರಿನ ಅಕ್ಕನ ಮನೆಯ ಕಪಾಟಿನಲ್ಲಿದೆ. ದೀಪಾವಳಿಗೆ ಹೋದಾಗ ಹೊಸ ಫೈಲ್‌ಗಳನ್ನು ಹಾಕುತ್ತೇನೆ, ನೆಲದ ಮೇಲೆ ಚಾಪೆ ಹಾಸಿ ಕುಳಿತು.