"ಎರಡೂ ಒಂದೇ ಕಂಪನಿ ಸಾರ್" ಅಂದರೆ ಹುಷಾರು: ಎಸಿ ಕೊಳ್ಳುವವರು ದಯವಿಟ್ಟು ಓದಿ

ಎಸಿ ತೆಗೆದುಕೊಳ್ಳುವ ಯೋಚನೆ ಇರುವವರು ಇದನ್ನು ಪೂರ್ತಿ ಓದಿ. ಕೋಪ ಇನ್ನೂ ಇಳಿದಿಲ್ಲ, ಬರಹ ಹಿಂದೆ ಮುಂದೆ ಆಗಬಹುದು. ಡೀಲರ್ ಹೆಸರು ಹಾಕುತ್ತಿಲ್ಲ, ತಕರಾರು ಇನ್ನೂ ನಡೆಯುತ್ತಿದೆ. ಬ್ರ್ಯಾಂಡ್ ಹೆಸರೂ ಬೇಡ. ಒಂದೇ ಕಂಪನಿಯ ಎರಡು ಬ್ರ್ಯಾಂಡ್ ಅಂತ ಇಟ್ಟುಕೊಳ್ಳಿ. ದುಬಾರಿಯದನ್ನು ಅಣ್ಣ ಅಂತಲೂ, ಅಗ್ಗದ್ದನ್ನು ತಮ್ಮ ಅಂತಲೂ ಕರೆಯುತ್ತೇನೆ.

ನಾನು ಮೊದಲು ಕೈ ತೋರಿಸಿದ್ದು ತಮ್ಮನ ಕಡೆಗೇ. ಟನ್ ಅದೇ, ಇನ್ವರ್ಟರ್ ಅದೇ, ರಿಮೋಟ್ ಕೂಡ ಅಚ್ಚು ಅದೇ. "ಎರಡೂ ಒಂದೇ ಕಂಪನಿಯವು ಅಲ್ವಾ, ದುಬಾರಿಯದಕ್ಕೆ ಯಾಕೆ ಅಷ್ಟು ಜಾಸ್ತಿ?" ಅಂತ ಕೇಳಿದೆ. ಡೀಲರ್ ನಕ್ಕರು. "ಅಯ್ಯೋ ಸಾರ್, ಓನರ್ ಒಬ್ಬರೇ ಇರಬಹುದು, ಮಾಲು ಬೇರೆ. ಹೊರಗೆ ಹಾಕೋ ಔಟ್‌ಡೋರ್ ಯೂನಿಟ್‌ನಲ್ಲೇ ಎಲ್ಲಾ ಇರೋದು. ದುಬಾರಿಯದರಲ್ಲಿ ಗ್ಯಾಸ್ ಓಡಾಡೋ ಕಾಯಿಲ್ ಕಾಪರ್‌ದು, ಅಗ್ಗದ್ದರಲ್ಲಿ ಅಲ್ಯೂಮಿನಿಯಂದು. ವಾರಂಟಿ ಬೇರೆ, ಸರ್ವೀಸ್ ಬೇರೆ. ಹೋಲಿಸಲೇಬೇಡಿ." ಹೋಲಿಸಲೇಬೇಡಿ! ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರು ಹೇಳಿದ್ದು ಸುಳ್ಳಲ್ಲ, ಅದೇ ಹೊಟ್ಟೆ ಉರಿಸುವ ವಿಷಯ. ಎಸಿ ಲೋಕದಲ್ಲಿ ಇಂಥ ಸಂಬಂಧಗಳು ಬೇಕಾದಷ್ಟಿವೆ. ಕ್ಯಾರಿಯರ್, ಬ್ರೈಯಂಟ್, ಪೇಯ್ನ್ ಒಂದೇ ಮನೆಯವು. ಟ್ರೇನ್ ಮತ್ತು ಅಮೆರಿಕನ್ ಸ್ಟ್ಯಾಂಡರ್ಡ್ ಕೂಡ ಹಾಗೇ. ಗುಡ್‌ಮನ್ ಮತ್ತು ಅಮಾನಾ ಮೊದಲೇ ಒಂದಾಗಿದ್ದವು, 2012ರಲ್ಲಿ ಡೈಕಿನ್ ಗುಡ್‌ಮನ್ ಕಂಪನಿಯನ್ನೇ ಕೊಂಡಿತು. ಕೆಲವು ಕಡೆ ಲೆಕ್ಕ ಉಲ್ಟಾ, ಹೆಸರು ಒಂದೇ, ಒಡೆಯರು ಬೇರೆ. ತೋಷಿಬಾ ನೋಡಿ. 2016ರಲ್ಲಿ ಅದರ ಫ್ರಿಜ್, ವಾಷಿಂಗ್ ಮಷೀನ್ ವ್ಯವಹಾರದ ಶೇ. 80ರಷ್ಟು ಪಾಲು ಚೀನಾದ ಮಿಡಿಯಾ ಕಂಪನಿಗೆ ಹೋಯಿತು. ಎಸಿ ವ್ಯವಹಾರ 2022ರಲ್ಲಿ ಕ್ಯಾರಿಯರ್ ಕೈಗೆ ಬಂತು. ಹಿಟಾಚಿ ಎಸಿ 2015ರಲ್ಲಿ ಜಾನ್ಸನ್ ಕಂಟ್ರೋಲ್ಸ್ ಜೊತೆಗಿನ ಪಾಲುದಾರಿಕೆಗೆ ಸೇರಿತು, 2025ರಲ್ಲಿ ಬಾಷ್ ಪಾಲಾಯಿತು. (ಇವರಲ್ಲಿ ಯಾರ ಮೇಲೂ ನನ್ನ ದೂರಿಲ್ಲ, ಸುಮ್ನೆ ಉದಾಹರಣೆ.) ಹಾಗಾಗಿ "ಒಂದೇ ಕಂಪನಿ" ಅನ್ನುವ ಮಾತಿಗೆ ಅರ್ಥ ಏನು ಬೇಕಾದರೂ ಆಗಬಹುದು. ಒಂದೇ ಫ್ಯಾಕ್ಟರಿ ಇರಬಹುದು, ಬರೀ ಷೇರು ಇರಬಹುದು, ಬರೀ ಹೆಸರಿನ ಲೈಸೆನ್ಸ್ ಇರಬಹುದು. ವಾರಂಟಿ ಮಾತ್ರ ಬ್ರ್ಯಾಂಡ್ ಹಿಡಿದು ಬರುತ್ತದೆ, ಸಂಬಂಧ ಹಿಡಿದಲ್ಲ.

ಸರಿ, ಅಣ್ಣನನ್ನೇ ಬುಕ್ ಮಾಡಿದೆ. ಜಾಸ್ತಿ ದುಡ್ಡು ಕೊಟ್ಟೇ ಮಾಡಿದೆ. ಹೋದಲ್ಲೆಲ್ಲ ಕಾಪರ್ ಕಾಯಿಲ್ ಅಂತ ಹೇಳಿಕೊಂಡು ಓಡಾಡಿದೆ ಬೇರೆ. ಫಿಟ್ ಮಾಡುವ ಹುಡುಗರು ಬಂದರು, ಬಾಕ್ಸ್‌ಗಳನ್ನು ಕೆಳಗೇ ಬಿಚ್ಚಿದರು, ರಟ್ಟನ್ನೂ ಅವರೇ ಕೊಂಡೊಯ್ದರು. ಇಂಡೋರ್ ಮೇಲೆ ಅಣ್ಣನ ಲೋಗೋ ಹೊಳೆಯುತ್ತಿತ್ತು. ಔಟ್‌ಡೋರ್ ಎತ್ತರದಲ್ಲಿ, ಗೋಡೆಯ ಹೊರಗೆ. ಮುಂದೆ ಜಾಲರಿ, ಸುತ್ತ ಬಿಳಿ ಡಬ್ಬಿ. ಅದಕ್ಕೆ ಏಣಿ ಹಾಕಿ ಹೆಸರು ಓದುವವರು ಯಾರಿದ್ದಾರೆ ಹೇಳಿ?

ಕೆಲವು ತಿಂಗಳಿಗೆ ಗಾಳಿ ಬರುತ್ತದೆ, ತಂಪು ಇಲ್ಲ. ಅಣ್ಣನ ಕಂಪನಿಯ ಸರ್ವೀಸ್‌ಗೆ ಫೋನ್ ಮಾಡಿದೆ. ಬಂದ ಟೆಕ್ನಿಷಿಯನ್ ಪಾಪ ಒಳ್ಳೆಯವನು. ಇಂಡೋರ್ ಲೇಬಲ್‌ನ ಫೋಟೋ ತೆಗೆದ, ಆಮೇಲೆ ಹೊರಗೆ ಹತ್ತಿದ. ಸ್ವಲ್ಪ ಹೊತ್ತು ಸದ್ದಿಲ್ಲ. ಇಳಿದು ಬಂದು ಮೊಬೈಲ್ ನನ್ನ ಮುಂದೆ ಹಿಡಿದ. "ಸಾರ್, ಇದು ನಮ್ಮದಲ್ಲ."

ಫೋಟೋ ದೊಡ್ಡದು ಮಾಡಿ ನೋಡಿದೆ. ಪೈಪ್ ಸೇರುವ ವಾಲ್ವ್‌ಗಳ ಮೇಲೆ ಬೆಳ್ಳಿ ಬಣ್ಣದ ಸ್ಟಿಕ್ಕರ್, ಒಂದು ಮೂಲೆ ಎದ್ದಿತ್ತು. ಅದರಲ್ಲಿ ತಮ್ಮನ ಹೆಸರು, ತಮ್ಮನ ಮಾಡೆಲ್ ನಂಬರ್. ಸೀರಿಯಲ್ ನಂಬರನ್ನು ಬಿಲ್ ಜೊತೆ ಇಟ್ಟು ನೋಡಿದರೆ ಇಂಡೋರ್‌ದು ಸರಿ ಇದೆ, ಔಟ್‌ಡೋರ್‌ದು ತಾಳೆಯೇ ಆಗುತ್ತಿಲ್ಲ. ಕಾಯಿಲ್? ಅಲ್ಯೂಮಿನಿಯಂ. ಗ್ಯಾಸ್ ಲೀಕ್ ಆಗಿದ್ದೂ ಅಲ್ಲೇ. ಬಿಲ್‌ನಲ್ಲಿರುವ ಆ ಕಾಪರ್ ಔಟ್‌ಡೋರ್ ಈಗ ಯಾರ ಗೋಡೆ ಮೇಲಿದೆಯೋ! ಟೆಕ್ನಿಷಿಯನ್ ಎದುರು ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವನೇ "ಇರಲಿ ಬಿಡಿ ಸಾರ್" ಅಂತ ಸಮಾಧಾನ ಮಾಡಿದ. ಅದು ಇನ್ನೂ ಉರಿಯಿತು.

ಡೀಲರ್‌ಗೆ ಫೋನ್ ಮಾಡಿದೆ. ಏನಂದರು ಗೊತ್ತಾ? "ಸಾರ್, ಎರಡೂ ಒಂದೇ ಕಂಪನಿ ತಾನೇ?"

ಒಂದೇ ಕಂಪನಿ! ಹೋಲಿಸಲೇಬೇಡಿ ಅಂದ ಅದೇ ಬಾಯಿ! ಮಾರುವಾಗ ಬೇರೆ ಬೇರೆ, ಸಿಕ್ಕಿಬಿದ್ದಾಗ ಒಂದೇ. ದುಡ್ಡು ತೆಗೆದುಕೊಳ್ಳುವಾಗ ಬೇರೆ ಬೇರೆ, ವಾಪಸ್ ಕೇಳಿದಾಗ ಒಂದೇ.

ಆಮೇಲೆ ಒಂದೊಂದೇ ರಾಗ ಶುರುವಾಯಿತು. "ಗೋಡೌನ್‌ನಲ್ಲಿ ಹುಡುಗರು ಅದಲು ಬದಲು ಮಾಡಿರಬೇಕು." "ಇಷ್ಟು ದಿನ ತಂಪಾಗೇ ಇತ್ತಲ್ಲ ಸಾರ್?" "ಕಂಪ್ರೆಸರ್ ಒಂದೇ, ಬೇಕಾದರೆ ಬಿಚ್ಚಿ ತೋರಿಸ್ತೀನಿ." ಈ ಕಂಪ್ರೆಸರ್ ಮಾತಿಗೆ ದಯವಿಟ್ಟು ಮರುಳಾಗಬೇಡಿ. ಕಂಪ್ರೆಸರ್ ಮಾಡುವ ಕಂಪನಿಗಳು ಕೆಲವೇ. ಮಿಡಿಯಾದ ಜಿಎಂಸಿಸಿ ಕಂಪ್ರೆಸರ್‌ಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಬ್ರ್ಯಾಂಡ್‌ಗಳಲ್ಲೂ ಇರುತ್ತವೆ. ನಾನು ಜಾಸ್ತಿ ಕೊಟ್ಟಿದ್ದು ಕಾಯಿಲ್‌ಗೆ ಮತ್ತು ವಾರಂಟಿಗೆ. ಅವೆರಡೂ ಇಲ್ಲ. ಲೇಬಲ್ ಮೇಲಿನ ಕರೆಂಟ್ ಉಳಿತಾಯದ ಲೆಕ್ಕವೂ ಹೋಯಿತು, ಯಾಕೆಂದರೆ ಅದನ್ನು ಅಳೆಯುವುದೇ ಇಂಡೋರ್ ಔಟ್‌ಡೋರ್ ಎರಡನ್ನೂ ಜೋಡಿಯಾಗಿ ನಡೆಸಿ.

ತಮ್ಮನ ಸರ್ವೀಸ್‌ಗೂ ಕೇಳಿ ನೋಡಿದೆ. "ಔಟ್‌ಡೋರ್ ನಮ್ಮದೇ. ಆದರೆ ಇಂಡೋರ್ ನಮ್ಮದಲ್ಲ, ಈ ಸೀರಿಯಲ್‌ಗೆ ನಿಮ್ಮ ಹೆಸರಲ್ಲಿ ಬಿಲ್ ಇಲ್ಲ, ವಾರಂಟಿ ಬರಲ್ಲ." ಅಣ್ಣ ನನ್ನದಲ್ಲ ಅಂದ, ತಮ್ಮ ನಿನ್ನದಲ್ಲ ಅಂದ!

ಡೀಲರ್ ಈಗ ಹೊಸದೊಂದು ದಾರಿ ತೋರಿಸುತ್ತಿದ್ದಾರೆ. ಅಣ್ಣನ ಔಟ್‌ಡೋರ್ ಕೊಡುತ್ತಾರಂತೆ, ನಾನು "ಡಿಫರೆನ್ಸ್" ಕೊಡಬೇಕಂತೆ. ಯಾವುದರ ಡಿಫರೆನ್ಸ್ ಅಂತ ಮೆಸೇಜ್ ಹಾಕಿದೆ. ಕೈಮುಗಿಯುವ ಎಮೋಜಿ ಬಂತು. ಆಮೇಲೆ ಬರೀ ನೀಲಿ ಟಿಕ್.

ನೀವು ಮಾಡಬೇಕಾದ್ದು ಇಷ್ಟೇ. ಬಾಕ್ಸ್ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಔಟ್‌ಡೋರ್ ಗೋಡೆಗೆ ಏರುವ ಮೊದಲೇ ಎರಡೂ ಯೂನಿಟ್‌ನ ಸ್ಟಿಕ್ಕರ್ ಫೋಟೋ ತೆಗೆಯಿರಿ. ಬಿಲ್‌ನಲ್ಲಿ ಎರಡರ ಸೀರಿಯಲ್ ನಂಬರ್ ಇರಲಿ, ಕೊನೆಯ ಕಂತು ಕೊಡುವ ಮುಂಚೆಯೇ ವಾರಂಟಿ ರಿಜಿಸ್ಟರ್ ಮಾಡಿಸಿ. ತಂಪು ಮಾಡುವ ಗ್ಯಾಸ್ ಯಾವುದು ಅಂತಲೂ ಸ್ಟಿಕ್ಕರ್‌ನಲ್ಲಿ ನೋಡಿ. ಒಂದರ ಮೇಲೆ ಆರ್-32, ಇನ್ನೊಂದರ ಮೇಲೆ ಆರ್-410ಎ ಅಂತಿದ್ದರೆ ಅದು ಜೋಡಿಯೇ ಅಲ್ಲ, ಅಲ್ಲೇ ಕೆಲಸ ನಿಲ್ಲಿಸಿ. ಬ್ರ್ಯಾಂಡ್‌ಗಳಲ್ಲಿ ಏನು ವ್ಯತ್ಯಾಸ ಅಂತ ಬಾಯಲ್ಲಿ ಹೇಳಿದ್ದನ್ನು ಬಿಲ್ ಹಿಂದೆ ಬರೆಸಿ ಸಹಿ ಹಾಕಿಸಿ. ಬರೆಯಲು ಹಿಂದೇಟು ಹಾಕಿದರೆ ಎದ್ದು ಬನ್ನಿ.

ಈಗಾಗಲೇ ಎಸಿ ಹಾಕಿಸಿರುವವರು ಇವತ್ತೇ ಔಟ್‌ಡೋರ್ ಸ್ಟಿಕ್ಕರ್ ನೋಡಿಸಿ. ನನ್ನ ಹಾಗೆ ಬೇರೆ ಹೆಸರು ಕಂಡರೆ ಫೋಟೋ, ಬಿಲ್, ಸರ್ವೀಸ್‌ನವರ ರಿಪೋರ್ಟ್ ಎಲ್ಲಾ ಎತ್ತಿಡಿ. "ವರ್ಕ್‌ಶಾಪ್‌ಗೆ ಒಯ್ದು ಚೆಕ್ ಮಾಡ್ತೀವಿ" ಅಂದರೆ ಯೂನಿಟ್ ಬಿಚ್ಚಲು ಬಿಡಬೇಡಿ, ಸಾಕ್ಷಿ ಇರುವುದೇ ಅದರ ಮೇಲೆ. ನಮ್ಮಲ್ಲಿಗೂ ಹುಡುಗರನ್ನು ಕಳಿಸಿದ್ದರು. ಯಾವ ಯೂನಿಟ್ ಒಯ್ಯುತ್ತಿದ್ದೀರಿ ಅಂತ ಸೀರಿಯಲ್ ನಂಬರ್ ಸಮೇತ ಬರೆದುಕೊಡಿ ಅಂದೆ. ಫೋನ್ ಮಾಡಿ ಕೇಳಿಕೊಂಡು ಬರುತ್ತೇವೆ ಅಂತ ಕೆಳಗೆ ಇಳಿದವರು ಇನ್ನೂ ಬಂದಿಲ್ಲ.